ಹಳೆಯ ಕಾರಿಗೆ ಎಂತಹ ಎಣ್ಣೆ? – ಗೃಹಸ್ಥರಿಗೊಂದು ವಿವೇಚನೆ

ಮನೆಯ ಹಿರಿಯರ ಆಹಾರ, ಪಥ್ಯ, ಔಷಧಗಳ ವಿಷಯದಲ್ಲಿ ನಾವೆಲ್ಲರೂ ಎಚ್ಚರ ವಹಿಸುತ್ತೇವೆ. ಅದೇ ಮನೆಯ ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಕಾರೊಂದು ನಿಂತಿದ್ದರೆ, ಅದಕ್ಕೆ ಹಾಕುವ ಎಣ್ಣೆಯ ವಿಷಯದಲ್ಲಿ ಮಾತ್ರ ಯಾರೋ ಹೇಳಿದ್ದನ್ನು ಕೇಳಿ, ಕೈಗೆ ಸಿಕ್ಕಿದ್ದನ್ನು ಸುರಿದು ಸುಮ್ಮನಾಗುವುದು ವಾಡಿಕೆಯಾಗಿದೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ನಮ್ಮ ಸಮಾಜದ ಅನೇಕ ಕುಟುಂಬಗಳು ಇಂದಿಗೂ ಹಳೆಯ ಕಾರನ್ನೇ ನೆಚ್ಚಿಕೊಂಡಿವೆ. ನಿವೃತ್ತ ಉಪಾಧ್ಯಾಯರು, ಸಣ್ಣ ಹಿಡುವಳಿಯ ರೈತರು, ಅಂಗಡಿ ಮುಂಗಟ್ಟು ನಡೆಸುವವರು ಹೊಸ ಕಾರಿಗೆ ಲಕ್ಷಾಂತರ ರೂಪಾಯಿ ಸುರಿಯುವ ಸ್ಥಿತಿಯಲ್ಲಿಲ್ಲ. ಸುರಿಯಬೇಕಾದ ಅಗತ್ಯವೂ ಇಲ್ಲ. ಸುತ್ತೂರು ಜಾತ್ರೆಗೆ, ಮುಡುಕುತೊರೆಗೆ, ಮಗಳ ಊರಿಗೆ, ಅಪರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಮೈಸೂರಿನ ಆಸ್ಪತ್ರೆಗೆ, ಆ ಹಳೆಯ ಕಾರೇ ಆಧಾರ.

ಇಂತಹ ಕಾರು ಲಕ್ಷ ಕಿಲೋಮೀಟರ್ ದಾಟಿತೆಂದರೆ ಎಲ್ಲೆಡೆ ಕೇಳಿಬರುವ ಸಲಹೆ ಒಂದೇ: “ಗಾಡಿಗೆ ವಯಸ್ಸಾಯಿತು ಸ್ವಾಮಿ, ಇನ್ನು ದಪ್ಪ ಆಯಿಲ್ ಹಾಕಿಸಿಬಿಡಿ.” ಈ ಮಾತಿನಲ್ಲಿ ಅಲ್ಪ ಸತ್ಯವೂ ಅಧಿಕ ಅಪಾಯವೂ ಬೆರೆತಿವೆ. ಕೆಲವೇ ನೂರು ರೂಪಾಯಿಗಳ ಎಣ್ಣೆಯ ಆಯ್ಕೆಯಲ್ಲಿ ತಪ್ಪಿದರೆ ಹತ್ತಾರು ಸಾವಿರ ರೂಪಾಯಿಗಳ ಎಂಜಿನ್ ಕೆಲಸ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ಈ ವಿಷಯವನ್ನು ಗೃಹಸ್ಥರಿಗೆ ತಿಳಿಯುವಂತೆ ಇಲ್ಲಿ ವಿವೇಚಿಸಲು ಬಯಸಿದ್ದೇವೆ. ಓಡಿದ ದೂರವನ್ನು ನೋಡಿ ಎಣ್ಣೆ ಆರಿಸುವುದು ಸರಿಯಲ್ಲ; ತಯಾರಕರು ಹೇಳಿದ ದರ್ಜೆಯನ್ನು ತಿಳಿದು, ಎಂಜಿನ್ನಿನ ಇಂದಿನ ಸ್ಥಿತಿಯನ್ನು ಪರೀಕ್ಷಿಸಿ ಆರಿಸಬೇಕು ಎಂಬುದೇ ನಮ್ಮ ಪ್ರತಿಪಾದನೆ.

ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಯವರೆಗೆ

ತಿರುಗುವ ಯಾವ ಯಂತ್ರಕ್ಕೂ ಜಿಡ್ಡು ಬೇಕೆಂಬ ಅರಿವು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯನ್ನು ಹುಲ್ಲಿನ ಕರಿಯೊಡನೆ ಕಲಸಿ ಹಾಕುತ್ತಿದ್ದರು. ಅದಕ್ಕೆ ಕೀಲೆಣ್ಣೆ ಎಂದು ಹೆಸರು. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ದಾಸೋಹದ ಧಾನ್ಯ ತರುವ ಗಾಡಿ ಕೀಲೆಣ್ಣೆ ಕಾಣದೆ ಹೊರಡುತ್ತಿರಲಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಮಹಾರಥದೊಡನೆ ಒಟ್ಟು ಐದು ರಥಗಳು ಹೊರಡುವುದನ್ನು ಕಂಡವರಿಗೆ, ಅಂತಹ ಭಾರವನ್ನು ಹೊತ್ತ ಅಚ್ಚು ಒಣಗಿದ್ದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನವರು ಎಣ್ಣೆಯ ಗಾಣವನ್ನೇ ಕಾಯಕವಾಗಿ ಉಳ್ಳವರಾಗಿದ್ದರು. ಎಣ್ಣೆಯ ಶುದ್ಧಿ ಕಾಯಕದ ಶುದ್ಧಿಯೇ ಆಗಿದ್ದ ಪರಂಪರೆ ನಮ್ಮದು.

ಮೋಟಾರು ಎಂಜಿನ್ನಿಗೂ ಮೊದಮೊದಲು ಹರಳೆಣ್ಣೆಯ ಸಂಬಂಧವಿತ್ತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿಯು ೧೯೦೯ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಎಣ್ಣೆಯನ್ನು ಹೊರತಂದು, ಆ ಬೀಜದ ಇಂಗ್ಲಿಷ್ ಹೆಸರಿನಿಂದಲೇ ಅದನ್ನು ಕ್ಯಾಸ್ಟ್ರಾಲ್ ಎಂದು ಕರೆಯಿತು. ಇಂದಿನ ಎಣ್ಣೆಗಳು ಬಹುಪಾಲು ಕಚ್ಚಾ ತೈಲದಿಂದ ಬಂದವು ಅಥವಾ ರಾಸಾಯನಿಕವಾಗಿ ಸಂಶ್ಲೇಷಿಸಿದವು. ಮೂಲ ಎಣ್ಣೆಗೆ ಸವೆತ ತಡೆಯುವ, ಕೊಳೆ ತೊಳೆಯುವ, ತುಕ್ಕು ಹಿಡಿಯದಂತೆ ಕಾಯುವ ಅನೇಕ ದ್ರವ್ಯಗಳನ್ನು ಸೇರಿಸಿರುತ್ತಾರೆ.

ಎಂಜಿನ್ನಿನೊಳಗೆ ಎಣ್ಣೆ ಮಾಡುವ ಕೆಲಸ ಐದು ಬಗೆಯದು. ಲೋಹ ಲೋಹಕ್ಕೆ ತಾಗದಂತೆ ನಡುವೆ ಪದರವಾಗಿ ನಿಲ್ಲುವುದು ಮೊದಲನೆಯದು. ಬಿಸಿಯನ್ನು ಹೊತ್ತು ಕೆಳಗಿಳಿಸುವುದು ಎರಡನೆಯದು. ಮಸಿ ಮತ್ತು ಲೋಹದ ಕಣಗಳನ್ನು ತನ್ನಲ್ಲಿ ಹಿಡಿದಿಟ್ಟು ಫಿಲ್ಟರಿಗೆ ತಲುಪಿಸುವುದು ಮೂರನೆಯದು. ಪಿಸ್ಟನ್ ರಿಂಗುಗಳ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ನೋಡಿಕೊಳ್ಳುವುದು ನಾಲ್ಕನೆಯದು. ತುಕ್ಕಿನಿಂದ ಕಾಪಾಡುವುದು ಐದನೆಯದು. ಹಳೆಯ ಎಂಜಿನ್ನಿನಲ್ಲಿ ಸಂದುಗಳು ತುಸು ಅಗಲವಾಗಿರುವುದರಿಂದ ನಾಲ್ಕನೆಯ ಕೆಲಸ ಕಷ್ಟವಾಗುತ್ತದೆ. “ದಪ್ಪ ಎಣ್ಣೆ” ಎಂಬ ಸಲಹೆ ಹುಟ್ಟಿದ್ದು ಇಲ್ಲಿಂದ. ಆದರೆ ಒಂದು ಕೆಲಸಕ್ಕಾಗಿ ಉಳಿದ ನಾಲ್ಕನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ.

ಡಬ್ಬದ ಮೇಲಿನ ಅಂಕಿ ಅಕ್ಷರಗಳು

ಎಣ್ಣೆಯ ಡಬ್ಬವನ್ನು ಕೈಗೆತ್ತಿಕೊಂಡರೆ ಎರಡು ಗುರುತುಗಳು ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು ೨೦ಡಬ್ಲ್ಯು-೪೦, ೧೫ಡಬ್ಲ್ಯು-೪೦, ೫ಡಬ್ಲ್ಯು-೩೦ ಎಂಬಂತಹ ಅಂಕಿ. ಇದು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇ ನಿಗದಿಪಡಿಸಿದ ಸ್ನಿಗ್ಧತೆಯ, ಅಂದರೆ ಎಣ್ಣೆ ಎಷ್ಟು ಮಂದವಾಗಿ ಹರಿಯುತ್ತದೆಂಬುದರ ದರ್ಜೆ. ಡಬ್ಲ್ಯು ಅಕ್ಷರವು ಚಳಿಗಾಲ ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ, ಮುಂದಿನ ಅಂಕಿ ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಉಳಿಸಿಕೊಳ್ಳುವ ದಪ್ಪವನ್ನೂ ಹೇಳುತ್ತವೆ. ಆ ಬಿಸಿಯಲ್ಲಿ ೩೦ರ ದರ್ಜೆಯ ಎಣ್ಣೆಯ ಸ್ನಿಗ್ಧತೆ ೯.೩ರಿಂದ ೧೨.೫ ಸೆಂಟಿಸ್ಟೋಕ್ ನಡುವೆ ಇರಬೇಕು, ೪೦ರದು ೧೨.೫ರಿಂದ ೧೬.೩ರ ನಡುವೆ, ೫೦ರದು ೧೬.೩ರಿಂದ ೨೧.೯ರ ನಡುವೆ. ಒಂದು ದರ್ಜೆಯಿಂದ ಇನ್ನೊಂದಕ್ಕೆ ಹೋಗುವುದು ಅಲ್ಪ ವ್ಯತ್ಯಾಸವಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ಸೀಮೆಯ ಧನುರ್ಮಾಸದ ಚಳಿ ಎಣ್ಣೆಯನ್ನು ಹೆಪ್ಪುಗಟ್ಟಿಸುವಂತಹುದಲ್ಲ. ಹಿಮ ಬೀಳುವ ದೇಶಗಳಲ್ಲಿ ಮೊದಲ ಅಂಕಿಗೆ ಇರುವಷ್ಟು ಮಹತ್ವ ಇಲ್ಲಿಲ್ಲ. ಆದರೂ ಎಂಜಿನ್ ಹೆಚ್ಚು ಸವೆಯುವುದು ಬೆಳಗಿನ ಮೊದಲ ಚಾಲನೆಯಲ್ಲಿ. ಆಗ ಎಣ್ಣೆ ತಳದ ಚೇಂಬರಿನಿಂದ ಮೇಲೇರಿ ವಾಲ್ವುಗಳವರೆಗೆ ಮುಟ್ಟುವಷ್ಟು ಹೊತ್ತೂ ಲೋಹ ಬಹುಮಟ್ಟಿಗೆ ಒಣಗಿಯೇ ಉಜ್ಜುತ್ತದೆ. ಅತಿ ದಪ್ಪನೆಯ ಎಣ್ಣೆ ಮೇಲೇರುವುದು ನಿಧಾನ. ಹಳೆಯ ಎಂಜಿನ್ನಿಗೆ ಆ ಕ್ಷಣಗಳೇ ದುಬಾರಿ.

ಎರಡನೆಯ ಗುರುತು ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣದರ್ಜೆ. ಎಸ್ ಅಕ್ಷರದಿಂದ ತೊಡಗುವುದು ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದ ತೊಡಗುವುದು ಡೀಸೆಲ್ ಎಂಜಿನ್ನಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಂತೆ ದರ್ಜೆ ಹೊಸದಾಗುತ್ತದೆ. ಎಸ್‌ಎಲ್ ೨೦೦೧ರಲ್ಲಿ, ಎಸ್‌ಎನ್ ೨೦೧೦ರಲ್ಲಿ, ಎಸ್‌ಪಿ ೨೦೨೦ರಲ್ಲಿ, ಎಸ್‌ಕ್ಯೂ ೨೦೨೫ರಲ್ಲಿ ಬಂದವು. ಪೆಟ್ರೋಲ್ ಕಾರುಗಳಲ್ಲಿ ಹೊಸ ದರ್ಜೆಯ ಎಣ್ಣೆಯನ್ನು ಹಳೆಯ ಕಾರಿಗೆ ಹಾಕಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಹಳೆಯ ದರ್ಜೆಯದನ್ನು ಹೊಸ ಕಾರಿಗೆ ಹಾಕಲಾಗದು. ಕೆಲವು ಎಣ್ಣೆಗಳ ಡಬ್ಬದಲ್ಲಿ ಎಸ್ ಮತ್ತು ಸಿ ಎರಡೂ ಗುರುತುಗಳಿರುವುದುಂಟು. ಅವು ಎರಡೂ ಬಗೆಯ ಎಂಜಿನ್ನಿಗೆ ಒಪ್ಪುವಂತಹವು. ಯಾವ ಗುರುತೂ ಇಲ್ಲದ, ಬಣ್ಣದ ಚಿತ್ರ ಮಾತ್ರ ಇರುವ ಡಬ್ಬವನ್ನು ಮುಟ್ಟದಿರುವುದೇ ಕ್ಷೇಮ.

ಮೀಟರಿನ ಅಂಕಿ ಹೇಳದಿರುವುದು

ಇಬ್ಬರು ಗೃಹಸ್ಥರನ್ನು ಊಹಿಸಿಕೊಳ್ಳೋಣ. ಒಬ್ಬರು ನಂಜನಗೂಡಿನವರು. ಹದಿನೈದು ವರ್ಷ ಪ್ರತಿದಿನ ಸುಮಾರು ೨೪ ಕಿಲೋಮೀಟರ್ ದೂರದ ಮೈಸೂರಿಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಿಬಂದವರು. ಅವರ ಕಾರು ಎರಡು ಲಕ್ಷ ಕಿಲೋಮೀಟರ್ ಓಡಿದೆ. ಇನ್ನೊಬ್ಬರು ತಿ. ನರಸೀಪುರದವರು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ, ಆಗಾಗ ನಾಲೆಯ ಏರಿಯ ಮೇಲೆ ಗದ್ದೆಗೆ, ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರು. ಅವರ ಕಾರು ಅರವತ್ತು ಸಾವಿರವನ್ನೂ ದಾಟಿಲ್ಲ. ಯಾವ ಎಂಜಿನ್ ಹೆಚ್ಚು ಸೊರಗಿದೆ? ಅನೇಕ ವೇಳೆ ಎರಡನೆಯದೇ.

ಕಾರಣ ಸರಳ. ಎಂಜಿನ್ ಪೂರ್ಣ ಬಿಸಿಯೇರದೆ ನಿಂತರೆ, ಉರಿದ ಇಂಧನದಿಂದ ಹುಟ್ಟಿದ ನೀರಾವಿ ಒಳಗೇ ತಣಿದು ಎಣ್ಣೆಯೊಡನೆ ಬೆರೆಯುತ್ತದೆ. ಉರಿಯದ ಪೆಟ್ರೋಲೂ ಅದರೊಡನೆ ಸೇರುತ್ತದೆ. ಎಣ್ಣೆ ತೆಳುವಾಗಿ, ಆಮ್ಲೀಯವಾಗಿ, ಕ್ರಮೇಣ ಕೆಸರಿನಂತೆ ಗಟ್ಟಿಯಾಗುತ್ತದೆ. ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ, ಭತ್ತದ ಕಟಾವಿನ ದೂಳಿನಲ್ಲಿ ಓಡುವಾಗ ಗಾಳಿ ಫಿಲ್ಟರ್ ಬೇಗ ಕಟ್ಟುತ್ತದೆ. ದೂಳು ಒಳಹೊಕ್ಕರೆ ಎಣ್ಣೆಯೊಡನೆ ಸೇರಿ ಅರದಂತೆ ಲೋಹವನ್ನು ತೇಯುತ್ತದೆ. ಮಲೆಮಹದೇಶ್ವರನ ಬೆಟ್ಟದ ಘಾಟಿಯನ್ನು ತುಂಬಿದ ಕಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಏರುವಾಗ ಎಣ್ಣೆ ಅತಿಯಾಗಿ ಕಾಯುತ್ತದೆ. ಹಲವು ಹಳೆಯ ಕಾರುಗಳ ಮೀಟರಿನಲ್ಲಿ ಐದೇ ಅಂಕಿಗಳಿರುವುದರಿಂದ ಲಕ್ಷ ದಾಟಿದೊಡನೆ ಅದು ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಆದುದರಿಂದ ಮೀಟರಿನ ಅಂಕಿಯೊಂದನ್ನೇ ನಂಬಿ ಎಣ್ಣೆ ಬದಲಿಸುವುದು, ರೋಗಿಯ ನಾಡಿ ನೋಡದೆ ವಯಸ್ಸು ಕೇಳಿ ಔಷಧ ಕೊಟ್ಟಂತೆ.

ನಾಡಿಪರೀಕ್ಷೆ

ಎಂಜಿನ್ನಿನ ನಾಡಿ ಹಿಡಿಯಲು ದೊಡ್ಡ ಉಪಕರಣ ಬೇಡ. ಎಣ್ಣೆಯ ಮಟ್ಟ ನೋಡುವ ಕಡ್ಡಿಯೊಂದು ಸಾಕು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಬೇಕು. ಕಡ್ಡಿಯನ್ನು ಹೊರಗೆಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ಣ ತೂರಿಸಿ ತೆಗೆದು ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿಗಿಂತ ಕಡಿಮೆಯಾದರೆ ಅಪಾಯ. ಮೇಲಿನ ಗುರುತನ್ನು ಮೀರಿದರೂ ಕೆಡುಕೇ. ಹೆಚ್ಚಾದ ಎಣ್ಣೆಯನ್ನು ತಿರುಗುವ ಕ್ರ್ಯಾಂಕ್ ಕಡೆದು ನೊರೆಯೆಬ್ಬಿಸುತ್ತದೆ. ನೊರೆಗೆ ಲೋಹವನ್ನು ಕಾಯುವ ಶಕ್ತಿಯಿಲ್ಲ.

ಹದಿನೈದು ದಿನಗಳಿಗೊಮ್ಮೆ ಹೀಗೆ ನೋಡಿ, ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ, ಸಾವಿರ ಕಿಲೋಮೀಟರಿಗೆ ಎಂಜಿನ್ ಎಷ್ಟು ಎಣ್ಣೆ ಕುಡಿಯುತ್ತದೆಂಬುದು ತಾನಾಗಿ ತಿಳಿಯುತ್ತದೆ. ಹಳೆಯ ಎಂಜಿನ್ ಅಲ್ಪಸ್ವಲ್ಪ ಕುಡಿಯುವುದು ಸಹಜ. ಸಾವಿರ ಕಿಲೋಮೀಟರಿಗೆ ಒಂದು ಲೀಟರಿನ ಆಸುಪಾಸಿಗೆ ಬಂದರೆ ಅದು ಎಣ್ಣೆ ಬದಲಿಸಿ ಗುಣವಾಗುವ ಕಾಯಿಲೆಯಲ್ಲ, ರಿಪೇರಿಗೆ ಕರೆ.

ಹೊಗೆಯ ಬಣ್ಣವೂ ಮಾತನಾಡುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಸೀಲುಗಳ ಮೇಲೆ ಅನುಮಾನ. ಏರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳ ಮೇಲೆ ಅನುಮಾನ. ಕಪ್ಪು ಹೊಗೆ ಇಂಧನ ಹೆಚ್ಚಾದುದರ ಸೂಚನೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಹೊಕ್ಕಿರಬಹುದು. ಆಗ ಕಡ್ಡಿಯ ಮೇಲಿನ ಎಣ್ಣೆ ಹಾಲುಬೆರೆತ ಕಾಫಿಯಂತೆ ಕಂಡರೆ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಎಜ್ದಿ ಮೋಟಾರ್ ಸೈಕಲ್ಲುಗಳನ್ನು ಬಳಸಿದ ನಮ್ಮ ತಲೆಮಾರಿನವರಿಗೆ ನೀಲಿ ಹೊಗೆ ಒಂದು ದೋಷವೆಂದೇ ತೋರುವುದಿಲ್ಲ. ಅವು ಟೂ-ಸ್ಟ್ರೋಕ್ ಬಂಡಿಗಳು. ಪೆಟ್ರೋಲಿನೊಡನೆ ಎಣ್ಣೆ ಬೆರೆಸಿ ಉರಿಸುವುದೇ ಅವುಗಳ ಧರ್ಮ. ಕಾರಿನ ಫೋರ್-ಸ್ಟ್ರೋಕ್ ಎಂಜಿನ್ನಿಗೆ ಅದು ಧರ್ಮವಲ್ಲ.

ಇನ್ನು ಡ್ಯಾಷ್‌ಬೋರ್ಡಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿದರೆ “ಮನೆ ಹತ್ತಿರವೇ ಇದೆ, ಹೋಗಿ ನೋಡೋಣ” ಎನ್ನಬಾರದು. ಅದು ಎಣ್ಣೆಯ ಒತ್ತಡ ಬಿದ್ದುಹೋದ ಸೂಚನೆ. ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಅರ್ಧ ಮೈಲಿ ಹೋದರೂ ಎಂಜಿನ್ ಸೀಜ್ ಆದೀತು.

ಯಾವ ಕಾರಿಗೆ ಯಾವುದು

ಕಾರಿನೊಡನೆ ಬಂದ ಕೈಪಿಡಿಯೇ ಈ ವಿಷಯದಲ್ಲಿ ಪ್ರಮಾಣ. ಕಳೆದುಹೋಗಿದ್ದರೆ ಆ ಕಂಪೆನಿಯ ಸರ್ವಿಸ್ ಕೇಂದ್ರದಲ್ಲಿ ಮಾಡೆಲ್ ಮತ್ತು ವರ್ಷ ಹೇಳಿ ವಿಚಾರಿಸಬಹುದು. ನಮ್ಮ ಮನೆಗಳಲ್ಲಿ ಉಳಿದಿರುವ ಕಾರುಗಳನ್ನು ಸ್ಥೂಲವಾಗಿ ಮೂರು ವರ್ಗ ಮಾಡಬಹುದು.

ಮೊದಲನೆಯದು ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಮತ್ತು ಅದಕ್ಕೂ ಮೊದಲೇ ಮರೆಯಾದ ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ವಿನ್ಯಾಸದ ಕಾರುಗಳು. ಇವುಗಳ ಪೆಟ್ರೋಲ್ ಎಂಜಿನ್ನುಗಳಿಗೆ ೨೦ಡಬ್ಲ್ಯು-೪೦ ಅಥವಾ ೨೦ಡಬ್ಲ್ಯು-೫೦ ಬಳಕೆಯಲ್ಲಿತ್ತು. ಇಂದಿಗೂ ಅದೇ ಸೂಕ್ತ. ಇವುಗಳಲ್ಲಿ ಕ್ಯಾಮಿನ ಉಬ್ಬು ಚಪ್ಪಟೆ ಟ್ಯಾಪೆಟ್ಟಿನ ಮೇಲೆ ನೇರವಾಗಿ ಉಜ್ಜುತ್ತದೆ. ಆ ಉಜ್ಜುವಿಕೆಯಿಂದ ಕಾಯಲು ಸತು ಮತ್ತು ರಂಜಕ ಬೆರೆತ ದ್ರವ್ಯ ಎಣ್ಣೆಯಲ್ಲಿ ಸಾಕಷ್ಟಿರಬೇಕು. ಹೊಸ ಕಾರುಗಳ ಹೊಗೆ ಶುದ್ಧಿಮಾಡುವ ಸಾಧನ ಕೆಡದಿರಲೆಂದು ಇತ್ತೀಚಿನ ದರ್ಜೆಗಳ ತೆಳು ಎಣ್ಣೆಗಳಲ್ಲಿ ರಂಜಕದ ಪ್ರಮಾಣಕ್ಕೆ ಮಿತಿ ಹಾಕಿದ್ದಾರೆ. ಆದುದರಿಂದ “ಅತ್ಯಾಧುನಿಕ, ಅತಿ ದುಬಾರಿ” ಎಂದು ೫ಡಬ್ಲ್ಯು-೩೦ನ್ನು ತಂದು ಅಂಬಾಸಿಡರಿಗೆ ಹಾಕುವುದು ಗೌರವವಲ್ಲ, ಅಪಚಾರ.

ಎರಡನೆಯದು ೧೯೮೩ರ ಡಿಸೆಂಬರಿನಲ್ಲಿ ಜನರ ಕೈಸೇರತೊಡಗಿ ೨೦೧೪ರ ಜನವರಿಯವರೆಗೆ ತಯಾರಾದ ಮಾರುತಿ ೮೦೦, ಅದರ ಜೊತೆಯ ಓಮ್ನಿ, ಜೆನ್ ಮೊದಲಾದವು. ಹಾಗೆಯೇ ಟಾಟಾ ಇಂಡಿಕಾ, ಸುಮೋಗಳಂತಹ ಡೀಸೆಲ್ ಗಾಡಿಗಳು. ಈ ಪೆಟ್ರೋಲ್ ಕಾರುಗಳ ಹಳೆಯ ಮಾಡೆಲುಗಳಿಗೆ ೨೦ಡಬ್ಲ್ಯು-೪೦ ರೂಢಿಯಲ್ಲಿತ್ತು. ಡೀಸೆಲ್ ಗಾಡಿಗಳಿಗೆ ೧೫ಡಬ್ಲ್ಯು-೪೦, ಅದೂ ಸಿ ಅಕ್ಷರದ ಡೀಸೆಲ್ ದರ್ಜೆಯದೇ ಆಗಬೇಕು. ಡೀಸೆಲ್ ಹುಟ್ಟಿಸುವ ಮಸಿಯನ್ನು ಹಿಡಿದಿಡುವ ಶಕ್ತಿ ಪೆಟ್ರೋಲ್ ದರ್ಜೆ ಮಾತ್ರವಿರುವ ಎಣ್ಣೆಗಿಲ್ಲ.

ಮೂರನೆಯದು ಸುಮಾರು ೨೦೦೫ರ ಅನಂತರ ಬಂದ, ಈಗ ಲಕ್ಷ, ಒಂದೂವರೆ ಲಕ್ಷ ಓಡಿ “ಹಳೆಯದು” ಎನಿಸಿಕೊಂಡಿರುವ ಕಾರುಗಳು. ಅಪಾಯವಿರುವುದು ಇಲ್ಲಿಯೇ. ಇಂತಹ ಅನೇಕ ಕಾರುಗಳ ಕೈಪಿಡಿಯಲ್ಲಿ ೫ಡಬ್ಲ್ಯು-೩೦ರಂತಹ ತೆಳು ಎಣ್ಣೆಯನ್ನು ಹೇಳಿರುತ್ತಾರೆ. ಅವುಗಳ ಎಣ್ಣೆಯ ಕಾಲುವೆಗಳು ಸೂಕ್ಷ್ಮ. ಟೈಮಿಂಗ್ ಚೈನನ್ನು ಬಿಗಿಹಿಡಿಯುವ, ವಾಲ್ವುಗಳ ಸಮಯ ಬದಲಿಸುವ ಭಾಗಗಳೂ ಹಲವು ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತವೆ. ಅಂಬಾಸಿಡರಿನ ನ್ಯಾಯವನ್ನು ಇವಕ್ಕೆ ಹಚ್ಚಿ ೨೦ಡಬ್ಲ್ಯು-೫೦ ಸುರಿದರೆ ಸೂಕ್ಷ್ಮ ಭಾಗಗಳು ಹಸಿಯುತ್ತವೆ, ಪೆಟ್ರೋಲೂ ಹೆಚ್ಚು ಖರ್ಚಾಗುತ್ತದೆ.

ಹಾಗಾದರೆ ದಪ್ಪ ಎಣ್ಣೆಗೆ ಎಂದೂ ಎಡೆಯಿಲ್ಲವೆ? ಇದೆ. ಅನೇಕ ಕೈಪಿಡಿಗಳು ಹವೆಗೆ ತಕ್ಕಂತೆ ಒಂದಕ್ಕಿಂತ ಹೆಚ್ಚು ದರ್ಜೆಗಳನ್ನು ಅನುಮತಿಸುತ್ತವೆ. ಎಂಜಿನ್ ತುಸು ಎಣ್ಣೆ ಕುಡಿಯತೊಡಗಿದ್ದು ಬೇರೆ ದೋಷ ಕಾಣದಿದ್ದರೆ, ಆ ಎಲ್ಲೆಯೊಳಗೆ ಒಂದು ಮೆಟ್ಟಿಲು ದಪ್ಪನೆಯದನ್ನು ಆರಿಸಬಹುದು. ನಮ್ಮ ಬೇಸಿಗೆಗೂ ಅದು ಒಗ್ಗುತ್ತದೆ. ಎಲ್ಲೆಯನ್ನು ದಾಟಬಾರದು.

ಮಿನರಲ್, ಸಿಂಥೆಟಿಕ್ ಮತ್ತು ಹೈ ಮೈಲೇಜ್

ಹಳೆಯ ಕಾರಿಗೆ ಸಿಂಥೆಟಿಕ್ ಎಣ್ಣೆ ಹಾಕಿದರೆ ಸೋರುತ್ತದೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಪ್ರಬಲವಾಗಿದೆ. ಇಂದಿನ ಸಿಂಥೆಟಿಕ್ ಎಣ್ಣೆ ಒಳ್ಳೆಯ ಸೀಲನ್ನು ಕೆಡಿಸುವುದಿಲ್ಲ. ಸೀಲು ಮೊದಲೇ ಒಣಗಿ ಬಿರುಕುಬಿಟ್ಟಿದ್ದು, ಹಳೆಯ ಕೊಳೆಯೇ ಆ ಬಿರುಕನ್ನು ಮುಚ್ಚಿಕೊಂಡಿದ್ದರೆ, ಎಣ್ಣೆ ಆ ಕೊಳೆಯನ್ನು ತೊಳೆದು ಬಿರುಕನ್ನು ಬಯಲಿಗೆ ತರಬಹುದು. ಕಾರಣ ಸೀಲಿನದು, ಎಣ್ಣೆಯದಲ್ಲ. ಹಾಗೆಂದು ಸಿಂಥೆಟಿಕ್ ಎಲ್ಲರಿಗೂ ಅನಿವಾರ್ಯವೂ ಅಲ್ಲ. ಹಳೆಯ ಮಾರುತಿಗೆ ಸರಿಯಾದ ದರ್ಜೆಯ ಮಿನರಲ್ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದು, ದುಬಾರಿ ಎಣ್ಣೆ ಹಾಕಿ ಎರಡು ವರ್ಷ ಮರೆತುಬಿಡುವುದಕ್ಕಿಂತ ಸಾವಿರ ಪಾಲು ಮೇಲು.

ಅಮೆರಿಕದಲ್ಲಿ ೭೫,೦೦೦ ಮೈಲಿ, ಅಂದರೆ ಸುಮಾರು ೧,೨೦,೦೦೦ ಕಿಲೋಮೀಟರ್ ದಾಟಿದ ಕಾರುಗಳಿಗೆಂದೇ “ಹೈ ಮೈಲೇಜ್” ಎಣ್ಣೆಗಳು ಮಾರಾಟದಲ್ಲಿವೆ. ಅವುಗಳಲ್ಲಿ ಒಣಗಿದ ಸೀಲುಗಳನ್ನು ಮೆದುಗೊಳಿಸುವ ದ್ರವ್ಯವೂ, ತೊಳೆಯುವ ಮತ್ತು ಸವೆತ ತಡೆಯುವ ದ್ರವ್ಯಗಳೂ ಹೆಚ್ಚಾಗಿರುತ್ತವೆ. ಸಣ್ಣಗೆ ಜಿನುಗುವ ಎಂಜಿನ್ನಿಗೆ ಇವು ಉಪಕಾರಿ. ನಿಮ್ಮ ಕಾರಿನ ದರ್ಜೆಯಲ್ಲಿಯೇ ಸಿಕ್ಕರೆ ಬಳಸಬಹುದು. ಸಿಗದಿದ್ದರೆ ಚಿಂತೆ ಬೇಡ. ಸವೆದ ರಿಂಗನ್ನು ಮರಳಿ ಬೆಳೆಸುವ ಎಣ್ಣೆ ಲೋಕದಲ್ಲಿಲ್ಲ.

ಬದಲಿಸುವ ಕಾಲದ ವಿಷಯದಲ್ಲಿಯೂ ಕೈಪಿಡಿಯೇ ಆಧಾರ. ಹಳೆಯ ಎಂಜಿನ್ನಿನಲ್ಲಿ ಮಿನರಲ್ ಎಣ್ಣೆಯಿದ್ದರೆ ೫,೦೦೦ ಕಿಲೋಮೀಟರ್ ಅಥವಾ ಆರು ತಿಂಗಳು, ಇವೆರಡರಲ್ಲಿ ಮೊದಲು ಬಂದುದನ್ನು ಹಿಡಿಯುವುದು ಒಳ್ಳೆಯ ನೇಮ. ಜಾತ್ರೆಗೊಮ್ಮೆ, ಹಬ್ಬಕ್ಕೊಮ್ಮೆ ಮಾತ್ರ ಹೊರಡುವ ಕಾರಿಗೂ ತಿಂಗಳ ಲೆಕ್ಕ ತಪ್ಪದು. ನಿಂತ ಕಾರಿನಲ್ಲಿಯೂ ಎಣ್ಣೆ ಹಳಸುತ್ತದೆ. ಪ್ರತಿ ಬಾರಿಯೂ ಫಿಲ್ಟರನ್ನು ಬದಲಿಸಬೇಕು. ಹಳೆಯ ಫಿಲ್ಟರ್ ಉಳಿಸಿ ಹೊಸ ಎಣ್ಣೆ ಹಾಕುವುದು, ತೊಳೆಯದ ಪಾತ್ರೆಗೆ ಹೊಸ ಹಾಲು ಸುರಿದಂತೆ.

ಮನೆಯಲ್ಲಿರುವ ಬೇರೆ ಎಣ್ಣೆ, ಪೇಟೆಯ ನಕಲಿ ಎಣ್ಣೆ

ಒಕ್ಕಲುತನದ ಮನೆಗಳಲ್ಲಿ ಟ್ರ್ಯಾಕ್ಟರಿಗೆಂದು ತಂದ ದೊಡ್ಡ ಡಬ್ಬ ಮೂಲೆಯಲ್ಲಿರುತ್ತದೆ. ಅದರಿಂದಲೇ ಒಂದಿಷ್ಟು ಕಾರಿಗೂ ಹಾಕಿದರಾಯಿತೆಂಬ ಆಸೆ ಸಹಜ. ಟ್ರ್ಯಾಕ್ಟರಿನ ಗೇರ್ ಮತ್ತು ಹೈಡ್ರಾಲಿಕ್ಕಿಗೆ ಹಾಕುವ ಎಣ್ಣೆ ಎಂಜಿನ್ ಎಣ್ಣೆಯೇ ಅಲ್ಲ. ಟ್ರ್ಯಾಕ್ಟರಿನ ಎಂಜಿನ್ ಎಣ್ಣೆಯಾದರೂ ಡೀಸೆಲ್ ದರ್ಜೆಯದು. ಕಾರಿನ ದರ್ಜೆಗೆ ಹೊಂದಿದರೆ ಮಾತ್ರ ಸಲ್ಲುತ್ತದೆ. ಮೋಟಾರ್ ಸೈಕಲ್ಲಿನ ಎಣ್ಣೆಯನ್ನು ಅದರ ಕ್ಲಚ್ಚು ಎಣ್ಣೆಯಲ್ಲಿಯೇ ಮುಳುಗಿರುವುದಕ್ಕೆ ತಕ್ಕಂತೆ ತಯಾರಿಸಿರುತ್ತಾರೆ. ಕಾರಿನ ತೆಳು ಎಣ್ಣೆಯನ್ನು ಬೈಕಿಗೆ ಹಾಕಿದರೆ ಕ್ಲಚ್ಚು ಜಾರಬಹುದು. ಒಂದರದನ್ನು ಇನ್ನೊಂದಕ್ಕೆ ಹಾಕದಿರುವುದೇ ಲೇಸು.

ಬಳಸಿದ ಎಣ್ಣೆಯನ್ನು ಸೋಸಿ, ಹೆಸರಾಂತ ಕಂಪೆನಿಯ ಖಾಲಿ ಡಬ್ಬಗಳಲ್ಲಿ ತುಂಬಿ ಮಾರುವ ವಂಚನೆ ದೇಶದಲ್ಲೆಲ್ಲ ಇದೆ. ಆದುದರಿಂದ ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನ ಎಚ್‌ಪಿ ಎಣ್ಣೆಗಳನ್ನು ಆಯಾ ಕಂಪೆನಿಯ ಬಂಕಿನಲ್ಲಿಯೂ, ಬೇರೆಯವನ್ನು ಅಧಿಕೃತ ಅಂಗಡಿಯಲ್ಲಿಯೂ ಕೊಳ್ಳಬೇಕು. ಮುಚ್ಚಳದ ಸೀಲು, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಇವನ್ನು ನೋಡಿ ರಸೀತಿ ಪಡೆಯಬೇಕು. ಎಣ್ಣೆ ಹಾಕುವಾಗ ಎದುರಿಗೆ ನಿಂತು, ಮುಗಿದ ಮೇಲೆ ಖಾಲಿ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಕೊಡಬೇಕು. ಇದು ಮೆಕ್ಯಾನಿಕ್ಕಿನ ಮೇಲಿನ ಅಪನಂಬಿಕೆಯಲ್ಲ. ಡಬ್ಬ ಕಳ್ಳರ ಕೈಸೇರದಂತೆ ಮಾಡುವ ಸಮಾಜಸೇವೆ.

ಎಣ್ಣೆ ಮತ್ತು ಸತ್ಯಶುದ್ಧಿ

ಈ ವಿಷಯಕ್ಕೆ ನೀತಿಯ ಮುಖವೊಂದಿದೆ. ಹಳೆಯ ಕಾರನ್ನು ಮಾರುವ ಮುನ್ನ ಅತಿ ದಪ್ಪನೆಯ ಎಣ್ಣೆಯನ್ನೋ, ದಪ್ಪಗೊಳಿಸುವ ದ್ರವ್ಯವನ್ನೋ ಹಾಕಿದರೆ ಕೆಲವು ದಿನ ಹೊಗೆ ಅಡಗುತ್ತದೆ, ಕಟಕಟ ಸದ್ದು ತಗ್ಗುತ್ತದೆ. 'ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ' ಎಂದು ಸಮರ್ಥಿಸಿಕೊಳ್ಳುವವರುಂಟು. ಕೊಳ್ಳುವವನೂ ನಮ್ಮಂತೆಯೇ ಕಷ್ಟಪಟ್ಟು ಕೂಡಿಟ್ಟ ಹಣ ತಂದಿರುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಅವನ ಎಂಜಿನ್ ಕೆಟ್ಟುನಿಂತರೆ, ಆ ಹೊತ್ತು ಕಾರಿನಲ್ಲಿ ಅವನ ತಾಯಿಯೋ ಹೆರಿಗೆನೋವಿನ ಮಗಳೋ ಇದ್ದರೆ, ಆ ಪಾಪದಲ್ಲಿ ಯಾರಿಗೆ ಪಾಲು? ಕಾಯಕ ಸತ್ಯಶುದ್ಧವಾಗಿರಬೇಕೆಂದು ಶರಣರು ಬೋಧಿಸಿದ್ದು ಹೊಲ, ಮಗ್ಗ, ಗಾಣಗಳಿಗೆ ಮಾತ್ರವಲ್ಲ. ದೋಷವಿದ್ದರೆ ಬಾಯಿಬಿಟ್ಟು ಹೇಳಿ, ಬೆಲೆ ತಗ್ಗಿಸಿ ಮಾರುವುದೇ ಇಷ್ಟಲಿಂಗ ಧರಿಸಿದವರಿಗೆ ಶೋಭೆ.

ಇನ್ನೊಂದು ವಿಚಾರ. ಖಾಸಗಿ ಕಾರಿನ ನೋಂದಣಿಯನ್ನು ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ ೨೦೨೨ರ ಏಪ್ರಿಲಿನಿಂದ ೫,೦೦೦ ರೂಪಾಯಿಗಳಿಗೆ ಏರಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ೨೦೨೫ರ ಆಗಸ್ಟಿನಲ್ಲಿ ೧೦,೦೦೦ ರೂಪಾಯಿ ಗೊತ್ತುಪಡಿಸಲಾಯಿತು. ಕಾರು ಅರ್ಹವೆಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಲೂ ಬೇಕು. ಆದುದರಿಂದ ಸಾವಿರ ಕಿಲೋಮೀಟರಿಗೆ ಲೀಟರುಗಟ್ಟಲೆ ಎಣ್ಣೆ ಕುಡಿಯುವ ಕಾರಿಗೆ ಎಣ್ಣೆ ಸುರಿಯುತ್ತ ಹೋಗುವುದೋ, ರಿಂಗು ಬದಲಿಸುವುದೋ, ಬೀಳ್ಕೊಡುವುದೋ ಎಂಬುದನ್ನು ಮನೆಮಂದಿ ಕುಳಿತು ಲೆಕ್ಕಹಾಕಬೇಕು. ಮಮತೆ ಬೇಕು, ಮಮತೆಯೊಡನೆ ಲೆಕ್ಕವೂ ಬೇಕು.

ಕಪಿಲೆಯನ್ನು ಮರೆಯದಿರೋಣ

ಕಾರಿನಿಂದ ಇಳಿಸಿದ ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ವಿರಳ. ಚರಂಡಿಗೆ ಸುರಿದರೆ ಅದು ಅಲ್ಲಿಯೇ ನಿಲ್ಲುವುದಿಲ್ಲ. ನಂಜನಗೂಡಿನಲ್ಲಿ ಭಕ್ತರು ಮೀಯುವ ಕಪಿಲೆಯೇ ಸುತ್ತೂರನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ೧೯೮೯ರಿಂದ ಕುಂಭಮೇಳ ನಡೆದುಬಂದಿರುವ ಪವಿತ್ರ ಸಂಗಮವದು. ಒಂದು ಕಾರಿನಿಂದ ಒಮ್ಮೆ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ನಮ್ಮ ದೇಶದ ೨೦೧೬ರ ನಿಯಮಗಳೂ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. ೨೦೨೪ರ ಏಪ್ರಿಲ್ ೧ರಿಂದ ಅದನ್ನು ಮರಳಿ ಸಂಸ್ಕರಿಸುವ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಸಂಸ್ಕರಿಸಿದರೆ ಅದು ಮತ್ತೆ ಮೂಲ ಎಣ್ಣೆಯಾಗಬಲ್ಲದು. ಮನೆಯಲ್ಲಿಯೇ ಎಣ್ಣೆ ಬದಲಿಸುವವರು ಹಳೆಯದನ್ನು ಭದ್ರವಾದ ಡಬ್ಬದಲ್ಲಿ ಸಂಗ್ರಹಿಸಿ, ಅಧಿಕೃತವಾಗಿ ಕೊಂಡೊಯ್ಯುವವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಬೇಕು. ಬೇಲಿಯ ಕಂಬಕ್ಕೆ ಬಳಿಯುವುದೂ, ಗದ್ದೆಯ ಬದುವಿಗೆ ಸುರಿಯುವುದೂ ಸಲ್ಲದು.

ಆಯ್ಕೆಗೆ ಬೇಕಾದ ವಿವೇಕ ಇಷ್ಟೇ. ಕೈಪಿಡಿಯನ್ನು ತೆರೆದು ದರ್ಜೆ ತಿಳಿಯಿರಿ. ಹದಿನೈದು ದಿನಕ್ಕೊಮ್ಮೆ ಕಡ್ಡಿ ನೋಡಿ ಬರೆದಿಡಿ. ಮೂಲದ ಬಗ್ಗೆ ನಂಬಿಕೆಯಿರುವ ಎಣ್ಣೆಯನ್ನೇ ಕೊಂಡು, ಕಾಲ ತಪ್ಪದೆ ಫಿಲ್ಟರಿನೊಡನೆ ಬದಲಿಸಿ. ದೋಷವಿದ್ದರೆ ಎಣ್ಣೆಯಿಂದ ಮುಚ್ಚದೆ ರಿಪೇರಿ ಮಾಡಿಸಿ. ಈ ಕೆಲಸವನ್ನು ಮನೆಯ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಕಲಿಸಿಕೊಡಿ. ಬರುವ ಭಾನುವಾರ ಪೂಜೆ ಪ್ರಸಾದ ಮುಗಿದ ಮೇಲೆ ಬಾನೆಟ್ ಎತ್ತಿ ಒಮ್ಮೆ ಕಡ್ಡಿಯನ್ನು ಹೊರಗೆಳೆದು ನೋಡಿದರೆ, ಈ ಲೇಖನ ಬರೆದುದು ಸಾರ್ಥಕವೆಂದು ಭಾವಿಸುತ್ತೇವೆ.